ಉಸಿರಿನ ಮಾಸ್ಕು ಮುಖಕ್ಕೆ ಹೊಂದುವ ಬಗೆ

ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ಭಾವಿಸುವವರು ಬಹುಮಂದಿ. ಆದರೆ ಗೊರಕೆ ಹೊಡೆಯುತ್ತಿರುವ ಮನುಷ್ಯನು ಇದ್ದಕ್ಕಿದ್ದಂತೆ ನಿಶ್ಶಬ್ದನಾಗಿ, ಕೆಲವು ಸೆಕೆಂಡುಗಳಾದ ಮೇಲೆ ಏದುಸಿರಿನೊಡನೆ ಬೆಚ್ಚಿ, ಮತ್ತೆ ಗೊರಕೆಯನ್ನಾರಂಭಿಸುವುದುಂಟು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆಯ ಬುಡವೂ ಮೃದುತಾಲುವೂ ಹಿಂದಕ್ಕೆ ಜಾರಿ, ಶ್ವಾಸಮಾರ್ಗವು ಮುಚ್ಚಿಹೋಗುವುದೇ ಇದಕ್ಕೆ ಕಾರಣ. ವೈದ್ಯರು ಈ ರೋಗವನ್ನು ಸ್ಲೀಪ್ ಆಪ್ನಿಯ ಎಂದು ಕರೆಯುತ್ತಾರೆ. ಉಸಿರು 10 ಸೆಕೆಂಡಿಗೆ ಕಡಮೆಯಿಲ್ಲದಂತೆ ನಿಂತರೆ ಅದನ್ನು ಒಂದು ಆಪ್ನಿಯವೆಂದು ಎಣಿಸುವರು. ರೋಗವು ತೀವ್ರವಾಗಿರುವವರಲ್ಲಿ ಉಸಿರು ನಿಲ್ಲುವುದೂ ಕುಗ್ಗುವುದೂ ಸೇರಿ ಗಂಟೆಗೆ 30 ಸಲ ಅಥವಾ ಅದಕ್ಕೂ ಹೆಚ್ಚು ನಡೆಯುತ್ತದೆ. ಆಗಾಗ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತದೆ, ನಿದ್ರೆ ತುಂಡುತುಂಡಾಗುತ್ತದೆ, ರಕ್ತದ ಒತ್ತಡ ಏರುತ್ತದೆ. ಹಗಲಿನಲ್ಲಿ ತೂಕಡಿಸುತ್ತ ವಾಹನ ನಡೆಸುವವನಿಗೂ, ಅವನ ಎದುರಿಗೆ ಬರುವವರಿಗೂ ಇದರಿಂದ ಪ್ರಾಣಾಪಾಯವುಂಟು.

ಗಾಳಿಯ ಆಸರೆ

ಒಂದು ಕಾಲದಲ್ಲಿ, ರೋಗವು ಉಲ್ಬಣಿಸಿದವರ ಕತ್ತಿನಲ್ಲಿ ರಂಧ್ರವನ್ನು ಕೊರೆದು ಶ್ವಾಸನಾಳಕ್ಕೆ ನೇರವಾಗಿ ಗಾಳಿ ಹೋಗುವಂತೆ ಮಾಡುತ್ತಿದ್ದರು. ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಬೇರೊಂದು ಉಪಾಯವನ್ನು ಪರೀಕ್ಷಿಸಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಎಡೆಬಿಡದೆ ಹರಿಸಿದರೆ, ಆ ಗಾಳಿಯೇ ಗಂಟಲಿನ ಗೋಡೆಗಳಿಗೆ ಒಳಗಿನಿಂದ ಆಸರೆಯಾಗಿ ಮಾರ್ಗವನ್ನು ತೆರೆದಿಡುವುದೆಂಬುದು ಅವರ ವಿಚಾರ. ಐವರು ರೋಗಿಗಳಲ್ಲಿ ಕಂಡ ಫಲಿತಾಂಶವನ್ನು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿನ ಸಿ-ಪ್ಯಾಪ್ ಚಿಕಿತ್ಸೆಯ ಮೂಲ ಇದೇ.

ಗಾಳಿಯನ್ನೂದುವ ಯಂತ್ರವನ್ನು ಒದಗಿಸುವುದು ಅಷ್ಟು ಕಷ್ಟವಾಗಲಿಲ್ಲ. ಅದನ್ನು ಸೋರದಂತೆ ಮೂಗಿಗೆ ತಲುಪಿಸುವುದೇ ಕಷ್ಟವಾಯಿತು. ಮೊದಲ ವರ್ಷಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿಗೂ ಗಾರೆಯಚ್ಚು ತೆಗೆದು, ಅದರ ಮೇಲೆ ಗಾಜಿನ ನಾರಿನ ಮಾಸ್ಕನ್ನು ತಯಾರಿಸಿ, ರಾತ್ರಿರಾತ್ರಿಯೂ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಹಚ್ಚಬೇಕಾಗಿತ್ತು. ಈಗ ಅಂಟು ಹೋಗಿ ಮೆತ್ತನೆಯ ಸಿಲಿಕೋನ್ ಅಂಚೂ ಪಟ್ಟಿಗಳೂ ಬಂದಿವೆ. ಆದರೂ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟವರನ್ನು ವಿಚಾರಿಸಿದರೆ, ಅನೇಕರು ದೂರುವುದು ಮಾಸ್ಕನ್ನೇ. ಚಿಕಿತ್ಸೆಯು ಫಲಿಸಬೇಕಾದರೆ ಅದು ಪ್ರತಿ ರಾತ್ರಿಯೂ ನಡೆಯಬೇಕು. ಆದುದರಿಂದ ಮಾಸ್ಕು ಹೊಂದುವುದು ಬರಿಯ ಸುಖದ ಮಾತಲ್ಲ.

ಬಿಗಿದರೆ ಸೋರುವುದೇಕೆ?

ಈ ಯಂತ್ರಗಳ ಒತ್ತಡವು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದದ್ದು. 10 ಸೆಂಟಿಮೀಟರ್ ಎಂದರೆ ವಾಯುಮಂಡಲದ ಒತ್ತಡದ ನೂರರಲ್ಲೊಂದು ಭಾಗ ಮಾತ್ರ. ಆದರೂ ಅದು ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ 10 ಗ್ರಾಂ ತೂಕದಷ್ಟು ಬಲವನ್ನು ಹಾಕುತ್ತದೆ. ಮೂಗಿನ ಮಾಸ್ಕು 30 ಚದರ ಸೆಂಟಿಮೀಟರ್ ಜಾಗವನ್ನು ಮುಚ್ಚಿದರೆ, ಗಾಳಿಯು ಅದನ್ನು 300 ಗ್ರಾಂ ಬಲದಿಂದ ಮುಖದಿಂದಾಚೆಗೆ ನೂಕುವುದು. ಬಾಯಿ, ಮೂಗು ಎರಡನ್ನೂ ಮುಚ್ಚುವ ಮಾಸ್ಕು 80 ಚದರ ಸೆಂಟಿಮೀಟರ್ ಇದ್ದರೆ ಆ ಬಲ 800 ಗ್ರಾಂ. ಪಟ್ಟಿಗಳು ಈ ಬಲವನ್ನು ತಡೆದರೆ ಸಾಕು.

ಇನ್ನು ಸೋರಿಕೆಯನ್ನು ತಡೆಯುವ ಕೆಲಸ ಮಾಸ್ಕಿನ ಅಂಚಿನದು. ಸೈಕಲ್ ಪಂಪಿನೊಳಗಿನ ಚರ್ಮದ ವಾಷರನ್ನು ವಾಚಕರು ನೋಡಿರಬಹುದು. ಪಂಪನ್ನೊತ್ತಿದಾಗ ಒಳಗಿನ ಗಾಳಿಯೇ ಆ ಬಟ್ಟಲಿನಂಥ ಚರ್ಮವನ್ನು ಅರಳಿಸಿ ಕೊಳವೆಯ ಗೋಡೆಗೆ ಅಂಟುವಂತೆ ಮಾಡುತ್ತದೆ. ಮಾಸ್ಕಿನ ಅಂಚಿನಲ್ಲಿ ಒಳಮುಖವಾಗಿ ಬಾಗಿರುವ ತೆಳುವಾದ ಸಿಲಿಕೋನ್ ಪೊರೆಯೂ ಹಾಗೆಯೇ. ಯಂತ್ರದ ಗಾಳಿ ಅದನ್ನು ಉಬ್ಬಿಸಿ ಚರ್ಮಕ್ಕೆ ಒತ್ತಿಹಿಡಿಯುತ್ತದೆ. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಈ ಪೊರೆ ಅಪ್ಪಚ್ಚಿಯಾಗಿ ಸುಕ್ಕುಗಟ್ಟುತ್ತದೆ; ಸುಕ್ಕಿನ ಸಂದಿನಿಂದ ಗಾಳಿ ಸೋರುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ, ಮೂಗಿನ ಸೇತುವೆಯ ಮೇಲಿನ ತೆಳುವಾದ ಚರ್ಮವು ಎಲುಬಿಗೂ ಮಾಸ್ಕಿಗೂ ನಡುವೆ ಸಿಕ್ಕಿ, ರಕ್ತಸಂಚಾರ ತಗ್ಗಿ, ಹುಣ್ಣಾಗುವುದು. ಇಂಥ ಸಮಯದಲ್ಲಿ ಯಂತ್ರ ನಡೆಯುತ್ತಿರುವಂತೆಯೇ ಪಟ್ಟಿಯನ್ನು ಸ್ವಲ್ಪ ಸಡಿಲಿಸಿ, ಮಾಸ್ಕನ್ನು ಮುಖದಿಂದ ತುಸು ಮುಂದಕ್ಕೆಳೆದು ಮೆಲ್ಲಗೆ ಬಿಡಬೇಕು. ಪೊರೆ ಮತ್ತೆ ಅರಳಿ ತನ್ನ ಸ್ಥಾನದಲ್ಲಿ ಕೂರುತ್ತದೆ.

ಆದರೆ ಎಲ್ಲ ಸೋರಿಕೆಯೂ ದೋಷವಲ್ಲ. ಬಿಟ್ಟ ಉಸಿರಿನ ಇಂಗಾಲಾಮ್ಲ ವಾಯು ಹೊರಹೋಗಲೆಂದು ಮಾಸ್ಕಿನಲ್ಲಿ ಸಣ್ಣ ರಂಧ್ರಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಅವನ್ನು ಎಂದಿಗೂ ಮುಚ್ಚಬಾರದು.

ಆಯ್ಕೆ ಹೇಗೆ?

ಮಾಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆ: ಮೂಗನ್ನು ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಮಾತ್ರ ಆತುಕೊಳ್ಳುವುದು, ಮೂಗು ಬಾಯಿಗಳೆರಡನ್ನೂ ಮುಚ್ಚುವುದು. ಸಾಧಾರಣವಾಗಿ ಮೂಗಿನ ಮಾಸ್ಕಿನಿಂದಲೇ ಆರಂಭಿಸುವುದು ಒಳ್ಳೆಯದು. ಮೂರನೆಯ ಬಗೆಯದು ಕೆಲವರಲ್ಲಿ ಕೆಳದವಡೆಯನ್ನು ಹಿಂದಕ್ಕೆ ಒತ್ತುವುದರಿಂದ ಹೆಚ್ಚಿನ ಒತ್ತಡ ಬೇಕಾಗಬಹುದು. ಹೊಳ್ಳೆಗೆ ಆತುಕೊಳ್ಳುವ ಮಾಸ್ಕು ಹಗುರ. ಮೀಸೆ ಗಡ್ಡಗಳಿರುವವರಿಗೂ, ಮುಚ್ಚಿದಂತಾದರೆ ಹೆದರುವವರಿಗೂ ಅನುಕೂಲ. ಆದರೆ ಒತ್ತಡ ಹೆಚ್ಚಾದಾಗ ಹೊಳ್ಳೆಗಳಲ್ಲಿ ಉರಿಯುಂಟಾಗಬಹುದು. ಬೆಳಗ್ಗೆ ಬಾಯಿ ಒಣಗಿದ್ದರೆ ರಾತ್ರಿ ಗಾಳಿಯು ಬಾಯಿಯಿಂದ ಹೋಗಿದೆಯೆಂದು ಊಹಿಸಬಹುದು. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಬೇಕು. ಯಂತ್ರಕ್ಕೆ ಜೋಡಿಸುವ ಬಿಸಿನೀರಿನ ತೇವದ ಪೆಟ್ಟಿಗೆಯೂ ಸಹಾಯಕ. ಆಮೇಲೂ ಬಾಯಿಯಿಂದಲೇ ಉಸಿರಾಡುವವರು ಮೂರನೆಯ ಬಗೆಯನ್ನು ಆರಿಸಬೇಕಾದೀತು. ರಾತ್ರಿ ವಾಂತಿಯಾಗುವ ಸಂಭವವುಳ್ಳವರೂ, ಮಾಸ್ಕನ್ನು ತಾವೇ ತೆಗೆಯಲಾರದವರೂ ವೈದ್ಯರನ್ನು ಕೇಳದೆ ಅದನ್ನು ಧರಿಸಬಾರದು. ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತವಿರುವ ಮಾಸ್ಕುಗಳನ್ನು ಎದೆಯಲ್ಲಿ ಪೇಸ್‌ಮೇಕರ್ ಇರುವವರು ವರ್ಜಿಸತಕ್ಕದ್ದು.

ಅಂಗಡಿಯಲ್ಲಿ ಕುಳಿತು ಹಾಕಿಕೊಂಡು ನೋಡಿದರೆ ಪರೀಕ್ಷೆ ಪೂರ್ತಿಯಾಗದು. ಮಲಗಿದಾಗ ಕೆನ್ನೆಯ ಮಾಂಸ ಸರಿಯುತ್ತದೆ, ಮುಖದ ಆಕಾರ ಬದಲಾಗುತ್ತದೆ. ಆದುದರಿಂದ ಮಲಗಿ, ಯಂತ್ರವನ್ನು ಚಿಕಿತ್ಸೆಯ ಒತ್ತಡದಲ್ಲಿ ನಡೆಸಿ, ಎರಡೂ ಮಗ್ಗುಲಿಗೆ ಹೊರಳಿ ನೋಡಬೇಕು. ರಾತ್ರಿ ಹಲ್ಲಿನ ಕಟ್ಟನ್ನು ತೆಗೆದಿಡುವವರು ತೆಗೆದಿಟ್ಟೇ ಪರೀಕ್ಷಿಸಬೇಕು. ಕಣ್ಣಿನ ಕಡೆಗೆ ಗಾಳಿ ಬರಕೂಡದು. ಬಂದರೆ ಕಣ್ಣು ಒಣಗಿ ಕೆಂಪಾಗುತ್ತದೆ. ಪಟ್ಟಿಯ ಕೆಳಗೆ ಬೆರಳು ಸುಲಭವಾಗಿ ತೂರುವಂತಿರಬೇಕು.

ಚರ್ಮದ ಜಿಡ್ಡು ಅಂಚಿಗೆ ಹತ್ತಿದರೆ ಮಾಸ್ಕು ಜಾರುತ್ತದೆ. ಪ್ರತಿದಿನವೂ ಅಂಚನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ಬಿಸಿಲಿಗಿಡದೆ ಒಣಗಿಸಬೇಕು. ಮಲಗುವ ಮುನ್ನ ಮುಖವನ್ನೂ ತೊಳೆಯಬೇಕು. ಮಾಸ್ಕು ಧರಿಸಿದೊಡನೆ ಉಸಿರುಗಟ್ಟಿದಂತೆ ತೋರುವವರು ಹಗಲಿನಲ್ಲಿ ಓದುತ್ತಲೋ ಹಾಡು ಕೇಳುತ್ತಲೋ ಸ್ವಲ್ಪಸ್ವಲ್ಪ ಹೊತ್ತು ಧರಿಸಿ ಅಭ್ಯಾಸಮಾಡಿಕೊಳ್ಳಬಹುದು.

ಈಗಿನ ಹಲವು ಯಂತ್ರಗಳು ಎಷ್ಟು ಗಂಟೆ ಉಪಯೋಗವಾಯಿತು, ಎಷ್ಟು ಗಾಳಿ ಸೋರಿತು ಎಂಬುದನ್ನು ತಾವೇ ದಾಖಲಿಸುತ್ತವೆ. ಆ ಲೆಕ್ಕವನ್ನು ವೈದ್ಯರಿಗೆ ತೋರಿಸಿದರೆ ದೋಷವು ಅಳತೆಯಲ್ಲಿದೆಯೆ, ಬಗೆಯಲ್ಲಿದೆಯೆ, ಒತ್ತಡದಲ್ಲಿದೆಯೆ ಎಂಬುದನ್ನು ತಿಳಿಯಬಹುದು. ಮೊದಲನೆಯ ಮಾಸ್ಕು ಹೊಂದದಿದ್ದರೆ ಎರಡನೆಯದನ್ನೂ ಮೂರನೆಯದನ್ನೂ ನೋಡಬೇಕೇ ಹೊರತು, ಯಂತ್ರವನ್ನು ಅಟ್ಟಕ್ಕೆ ಏರಿಸಬಾರದು.