ಬುಲೆಟ್ ಬೈಕ್ ರೇಟಿಗೆ ಹಳೇ ಸ್ಕೋಡಾ ಸಿಗುತ್ತೆ, ಆದ್ರೆ ಮೊದಲ ಸರ್ವಿಸ್ ಖರ್ಚು ಲೆಕ್ಕ ಹಾಕಿದ್ರಾ?

ಬಾಗೂರು: ಮೊಬೈಲ್ ತೆಗೆದ್ರೆ ಸಾಕು, ಸೆಕೆಂಡ್ ಹ್ಯಾಂಡ್ ಕಾರುಗಳ ಫೋಟೋ ಸಾಲಾಗಿ ಬರ್ತಾವೆ. ಅದ್ರಲ್ಲಿ ಹಳೇ ಸ್ಕೋಡಾ ಆಕ್ಟೇವಿಯಾ, ಲಾರಾ ಕಂಡ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಗಟ್ಟಿ ಬಾಡಿ, ದೊಡ್ಡ ಡಿಕ್ಕಿ, ಡೀಸೆಲ್ ಇಂಜಿನ್. ಒಂದು ಕಾಲಕ್ಕೆ ದೊಡ್ಡ ಆಫೀಸರ್‌ಗಳು, ಉದ್ಯಮಿಗಳು ಓಡಾಡ್ತಿದ್ದ ಕಾರು ಈಗ ಬುಲೆಟ್ ಬೈಕ್ ರೇಟಿಗೆ ಬಂದು ನಿಂತಿದೆ. ತೆಂಗು, ದಾಳಿಂಬೆ ದುಡ್ಡು ಕೈಗೆ ಬಂದಾಗ ಮನಸ್ಸು ಅತ್ತ ಎಳೆಯೋದು ಸಹಜ.

ನಮ್ಮ ಸೋದರಮಾವನೂ ಹಂಗೇ ಒಂದು ಹಳೇ ವಿದೇಶಿ ಕಾರು ತಂದ್ರು. ಡ್ರಿಪ್ ಪೈಪ್ ಬದಲಾಯಿಸೋಕೆ ಇಟ್ಟಿದ್ದ ದುಡ್ಡು ಅದು. ಮೊದಲ ಬೇಸಿಗೆಯಲ್ಲೇ ಕೂಲೆಂಟ್ ಕಡಿಮೆಯಾಯ್ತು. ತೋಟದ ಬೋರ್‌ವೆಲ್ ನೀರು ಕೊಡದಲ್ಲಿ ತಂದು ಸುರಿದವನು ನಾನೇ. ಹಂಗೇ ಒಂದು ವರ್ಷ ಓಡ್ತು. ಆಮೇಲೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯ್ತು. ಕಾರು ಇವತ್ತಿಗೂ ತೆಂಗಿನ ಮರದ ಕೆಳಗೆ ಟಾರ್ಪಾಲ್ ಹೊದ್ದು ನಿಂತಿದೆ. ತಪ್ಪು ಕಾರಿಂದಲ್ಲ, ನಮ್ದು. ಇನ್ನೊಬ್ಬರಿಗೆ ಹಿಂಗಾಗ್ಬಾರ್ದು ಅಂತ ಈ ಬರಹ.

ಯಾವ ಕಾರು ಇದು?

ಸ್ಕೋಡಾ ಜೆಕ್ ದೇಶದ ಕಂಪನಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಗುಂಪಿಗೆ ಸೇರಿದ್ದು. ಭಾರತಕ್ಕೆ ಬಂದಿದ್ದು 2001ರಲ್ಲಿ, ಆಕ್ಟೇವಿಯಾ ಮೂಲಕ. ಮಹಾರಾಷ್ಟ್ರದ ಔರಂಗಾಬಾದ್‌ನಲ್ಲಿ ಜೋಡಣೆ ಆಗ್ತಿತ್ತು. ಎರಡನೇ ತಲೆಮಾರಿನ ಆಕ್ಟೇವಿಯಾ ಬಂದಾಗ ಹಳೇದೂ ಮಾರಾಟದಲ್ಲಿ ಇದ್ದಿದ್ರಿಂದ, ಹೊಸದಕ್ಕೆ ನಮ್ಮ ದೇಶದಲ್ಲಿ ಲಾರಾ ಅಂತ ಹೆಸರಿಟ್ರು. ಇವುಗಳ 1.9 ಲೀಟರ್ ಟಿಡಿಐ ಡೀಸೆಲ್ ಇಂಜಿನ್ ಬಾಳಿಕೆಗೆ ಹೆಸರುವಾಸಿ. ಆದ್ರೆ ಬಾಳಿಕೆ ಬರೋದು ಅದಕ್ಕೆ ಬೇಕಾದ್ದನ್ನ ಹೊತ್ತಿಗೆ ಸರಿಯಾಗಿ ಕೊಟ್ರೆ ಮಾತ್ರ.

ಮೊದಲು ಟೈಮಿಂಗ್ ಬೆಲ್ಟ್

ಈ ಟಿಡಿಐ ಇಂಜಿನ್ ಒಳಗಿನ ವಾಲ್ವ್‌ಗಳನ್ನ ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಆಡಿಸೋದು ಒಂದು ರಬ್ಬರ್ ಬೆಲ್ಟ್. ಓಡ್ತಾ ಇರುವಾಗ ಅದು ಹರಿದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತೆ, ಇಂಜಿನ್ ಬಿಚ್ಚಲೇಬೇಕು. ಕಿಲೋಮೀಟರ್ ಕಡಿಮೆ ಓಡಿದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ. ಬೆಲ್ಟ್ ಬದಲಾಯಿಸಿದ ಬಿಲ್ ಹಳೇ ಓನರ್ ಹತ್ರ ಇಲ್ಲಾಂದ್ರೆ, ಬದಲಾಯಿಸಿಲ್ಲ ಅಂತಲೇ ತಿಳ್ಕೊಳ್ಳಿ.

ವಾಟರ್ ಪಂಪ್ ತಿರುಗೋದೂ ಇದೇ ಬೆಲ್ಟ್‌ನಿಂದ. ಹಂಗಾಗಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬೆಲ್ಟ್ ಒಂದನ್ನೇ ಹಾಕಿಸಿ ಉಳಿಸಿದ ದುಡ್ಡು, ಮುಂದೆ ಪಂಪ್ ಜಾಮ್ ಆದಾಗ ಹತ್ತು ಪಟ್ಟು ಹೋಗುತ್ತೆ.

ಬೋರ್‌ವೆಲ್ ನೀರು ಹಾಕ್ಬೇಡಿ

ನಮ್ಮ ಕಡೆ ನೀರು ಗಡಸು. ನೀರು ಕಾಯಿಸೋ ಹಂಡೆ ಒಳಗೆ ಬಿಳಿ ಪೊರೆ ಕಟ್ಟುತ್ತಲ್ಲ, ರೇಡಿಯೇಟರ್‌ನ ಸಣ್ಣ ಕೊಳವೆಗಳ ಒಳಗೂ ಅದೇ ಕಟ್ಟುತ್ತೆ. ಕೊನೆಗೆ ನೀರು ಹರಿಯೋಕೆ ಜಾಗ ಇರಲ್ಲ. ಈ ಕಾರುಗಳಿಗೆ ಗುಲಾಬಿ ಅಥವಾ ನೇರಳೆ ಬಣ್ಣದ, ಜಿ12 ಗುಂಪಿನ ಕೂಲೆಂಟ್ ಬೇಕು. ಅಂಗಡಿಯಲ್ಲಿ ಸಿಕ್ಕಿದ ಹಸಿರು ಕೂಲೆಂಟ್ ಅದರ ಜೊತೆ ಬೆರೆಸಿದ್ರೆ ಕೆಸರಿನ ಹಾಗೆ ಆಗೋ ಸಂಭವ ಇದೆ. ದಾರಿ ಮಧ್ಯೆ ತುರ್ತಿಗೆ ಬೇಕಾದ್ರೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಹಾಕಿ. ಇಂಜಿನ್ ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೀಬೇಡಿ, ಕುದಿಯೋ ನೀರು ಮುಖಕ್ಕೆ ಹಾರುತ್ತೆ.

ಟ್ರ್ಯಾಕ್ಟರ್ ಆಯಿಲ್ ಆಗಲ್ಲ

ಲಾರಾದ 1.9 ಟಿಡಿಐ ಇಂಜಿನ್‌ನಲ್ಲಿ ಡೀಸೆಲ್ ಇಂಜೆಕ್ಟರ್‌ಗಳನ್ನ ಒತ್ತೋದು ಕ್ಯಾಮ್ ಶಾಫ್ಟ್. ಅದರ ಮೇಲೆ ವಿಪರೀತ ಒತ್ತಡ. ಅದಕ್ಕೇ ಕಂಪನಿ 505.01 ಅನ್ನೋ ಗುಣಮಟ್ಟದ ಆಯಿಲ್ ಹೇಳಿದೆ. ಡಬ್ಬದ ಹಿಂದೆ ಈ ನಂಬರ್ ಇದೆಯಾ ನೋಡಿ. ಸಾಮಾನ್ಯ ಆಯಿಲ್ ಹಾಕಿದ್ರೆ ಕ್ಯಾಮ್ ಸವೆಯುತ್ತೆ.

ಆಟೋಮ್ಯಾಟಿಕ್ ಲಾರಾ ಆದ್ರೆ 6 ಗೇರ್‌ನ ಡಿಎಸ್‌ಜಿ ಗೇರ್‌ಬಾಕ್ಸ್ ಇರುತ್ತೆ. ಇದರ ಆಯಿಲ್, ಫಿಲ್ಟರ್ ಎರಡನ್ನೂ 60,000 ಕಿ.ಮೀ.ಗೆ ಬದಲಾಯಿಸ್ಬೇಕು. ಓಡಿಸಿ ನೋಡುವಾಗ ಜರ್ಕ್ ಹೊಡೆದ್ರೆ, ಗೇರ್ ತೋರಿಸೋ ಅಕ್ಷರಗಳು ಮಿಣುಕಿದ್ರೆ, ಎಷ್ಟೇ ಕಡಿಮೆ ರೇಟಿಗೆ ಕೊಟ್ರೂ ಬೇಡ.

ಇನ್ನೊಂದು ಅಪಾಯ ನಮ್ಮ ರಸ್ತೆ ಹಂಪ್. ಕೆಳಗಿನ ಆಯಿಲ್ ಸಂಪ್‌ಗೆ ಪೆಟ್ಟು ಬಿದ್ದು ಒಡೆದ್ರೆ ಆಯಿಲ್ ಪೂರ್ತಿ ಸೋರಿಹೋಗುತ್ತೆ. ಆಯಿಲ್ ಡಬ್ಬಿಯ ಕೆಂಪು ಲೈಟ್ ಬಂದ್ರೆ ಆ ಕ್ಷಣವೇ ಇಂಜಿನ್ ಆಫ್ ಮಾಡಿ. ಊರು ಹತ್ರ ಇದೆ ಅಂತ ಓಡಿಸಿದ್ರೆ ಇಂಜಿನ್ ಸೀಜ್.

ಸ್ಕ್ಯಾನರ್ ಇರೋ ಮೆಕ್ಯಾನಿಕ್ ಹುಡುಕಿ

ಲೈಟ್ ಬಂದ್ರೆ ಬ್ಯಾಟರಿ ವೈರ್ ಬಿಚ್ಚಿ ಹಾಕೋದು ನಮ್ಮಲ್ಲಿ ರೂಢಿ. ಅದು ಕಾಯಿಲೆ ಬಿಟ್ಟು ಥರ್ಮಾಮೀಟರ್ ಒಡೆದ ಹಾಗೆ. ಈ ಕಾರುಗಳನ್ನ ಕಂಪ್ಯೂಟರ್‌ಗೆ ಜೋಡಿಸಿದ್ರೆ ದೋಷ ಎಲ್ಲಿದೆ ಅಂತ ಅದೇ ಹೇಳುತ್ತೆ. ಕೊಳ್ಳೋಕೆ ಮುಂಚೆಯೇ ಸ್ಕ್ಯಾನ್ ಮಾಡಿಸಿ.

ಪಾರ್ಟ್ಸ್ ಬಗ್ಗೆ ಹೆದರಿಕೆ ಬೇಡ. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ ಕಾರುಗಳಿಗೆ ಎಷ್ಟೋ ಪಾರ್ಟ್ಸ್ ಒಂದೇ. ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಬರೆಸ್ಕೊಳ್ಳಿ, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ ಅಂಗಡಿಗಳಲ್ಲಿ ರೇಟ್ ಕೇಳಿ. ನಂಬರ್ ಇಲ್ಲದೆ ಅಂದಾಜಿನ ಮೇಲೆ ತಂದ್ರೆ ಬಸ್ ಚಾರ್ಜೂ ದಂಡ.

ಆರ್‌ಸಿ ಮರೀಬೇಡಿ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಆರ್‌ಟಿಒ ಮುಂದೆ ಕಾರು ನಿಲ್ಲಿಸಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸ್ಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್ ತಿದ್ದುಪಡಿಯಲ್ಲಿ 10,000 ರೂ. ಮಾಡಿದ್ದಾರೆ. ಹೊರ ರಾಜ್ಯದ ನಂಬರ್ ಇದ್ರೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಬೇರೆ. ಅಡ್ವಾನ್ಸ್ ಕೊಡೋ ಮುಂಚೆ ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ಆರ್‌ಸಿ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ನೋಡಿ.

ಒಟ್ಟಿನಲ್ಲಿ ಇಷ್ಟು: ಕಾರಿನ ರೇಟ್ ಒಂದು ಕಡೆ ಬರೀರಿ. ಅದರ ಕೆಳಗೆ ಬೆಲ್ಟ್ ಸೆಟ್, ಆಯಿಲ್, ಕೂಲೆಂಟ್, ಬ್ರೇಕ್, ಟೈರ್, ಆರ್‌ಸಿ ಖರ್ಚು ಬರೆದು ಕೂಡಿಸಿ. ಅಷ್ಟೂ ದುಡ್ಡು ಕೈಯಲ್ಲಿದ್ರೆ ತಗೊಳ್ಳಿ, ಒಳ್ಳೇ ಕಾರು, ಚೆನ್ನಾಗಿ ಓಡುತ್ತೆ. ಇಲ್ಲಾಂದ್ರೆ ಸದ್ಯಕ್ಕೆ ತೋಟದ ಪೈಪೇ ಬದಲಾಯಿಸಿ.