ಗಾಡಿ ತಗ್ಗಿದರೆ ಗುಣ ತಗ್ಗೀತೆ?

ಮೋಟಾರ್ ಸೈಕಲ್ ಏರಿದವನ ಕಾಲು ನೆಲಕ್ಕೆ ಎಟುಕದಿದ್ದರೆ ಎದೆ ಝಲ್ಲೆನ್ನುವುದು ಸಹಜವೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದಕ್ಕೆ ಸುಲಭೋಪಾಯ ಕಂಡುಕೊಂಡ. ಹಿಂಬದಿಗೆ ಗಿಡ್ಡನೆಯ ಶಾಕ್ ಅಬ್ಸಾರ್ಬರ್ ಹಾಕಿಸಿ ಗಾಡಿಯನ್ನು ಒಂದಂಗುಲ ತಗ್ಗಿಸಿದ. ಒಂದಂಗುಲದಲ್ಲಿ ಏನಿದೆ ಎನ್ನುವಿರಾ? ಕಾಗುಣಿತದಲ್ಲಿ ಒಂದು ಕೊಂಬು ತಪ್ಪಿದರೆ ಅರ್ಥವೇ ಬೇರೆಯಾಗುವುದಷ್ಟೆ!

ಗಾಡಿಯ ಮುಂಗಡೆಯ ಫೋರ್ಕನ್ನು ನೋಡಿ. ಅದು ನೆಟ್ಟಗಿಲ್ಲ, ಹಿಂದಕ್ಕೆ ಒರಗಿದೆ. ಹ್ಯಾಂಡಲ್ ತಿರುಗುವ ಆ ಓರೆ ಗೆರೆಯನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆಯಿರಿ. ಅದು ನೆಲವನ್ನು ಸೇರುವ ಬಿಂದು, ಟೈರು ನೆಲ ಮುಟ್ಟುವ ಸ್ಥಾನಕ್ಕಿಂತ ಕೆಲವು ಅಂಗುಲ ಮುಂದಿರುವುದು. ಈ ಅಂತರವೇ ಟ್ರೇಲ್. ಓಡುವ ಗಾಡಿಯ ಮುಂಚಕ್ರ ಅತ್ತಿತ್ತ ಹೊರಳಿದರೆ ಅದನ್ನು ನೇರಕ್ಕೆ ತರುವುದರಲ್ಲಿ ಇದರ ಪಾತ್ರ ದೊಡ್ಡದು.

ಎರಡು ಚಕ್ರಗಳ ನಡುವೆ 1400 ಮಿಲಿಮೀಟರ್ ಅಂತರವಿರುವ ಗಾಡಿಯ ಹಿಂಬದಿಯನ್ನು 25 ಮಿಲಿಮೀಟರ್ ತಗ್ಗಿಸಿದರೆ ಇಡೀ ಚೌಕಟ್ಟು ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುವುದು. ಟ್ರೇಲ್ ಸುಮಾರು 6 ಮಿಲಿಮೀಟರ್ ಬೆಳೆಯುವುದು. ನೇರ ದಾರಿಯಲ್ಲಿ ಗಾಡಿ ಗಂಭೀರ. ತಿರುವಿನಲ್ಲಿ ಮಾತ್ರ ಹೇಳಿದ ಮಾತನ್ನು ತಡವಾಗಿ ಕೇಳುವುದು. ಮುಂಗಡೆಯನ್ನಷ್ಟೇ ತಗ್ಗಿಸಿದರೆ ಇದಕ್ಕೆ ವಿಪರೀತ: ಹ್ಯಾಂಡಲ್ ಚುರುಕಾಗುವುದು, ವೇಗ ಏರಿದಂತೆ ಚಂಚಲವೂ ಆಗುವುದು. ಎರಡನ್ನೂ ಸಮನಾಗಿ ತಗ್ಗಿಸಿದರೆ ಓರೆ ಕೆಡದು. ಆದರೆ ಸ್ಪ್ರಿಂಗು ಕುಗ್ಗಲು ಎಡೆ ಕಡಿಮೆಯಾಗಿ ಹಳ್ಳದಿಣ್ಣೆಗಳಲ್ಲಿ ತಳ ಬಡಿಯಬಹುದು. ಗಾಡಿ ವಾಲಿದಾಗ ಫುಟ್‌ರೆಸ್ಟು, ಸ್ಟ್ಯಾಂಡು ಬೇಗನೆ ನೆಲ ಕೆರೆಯುವುವು. ಸೈಡ್ ಸ್ಟ್ಯಾಂಡು ಹಳೆಯ ಉದ್ದದಲ್ಲೇ ಉಳಿದರೆ ನಿಲ್ಲಿಸಿದ ಗಾಡಿ ಸಾಕಷ್ಟು ಒರಗದೆ ಆಚೆ ಬದಿಗೆ ಮಗುಚಲೂಬಹುದು.

ತಗ್ಗಿದಷ್ಟೂ ಸ್ಥಿರವಲ್ಲವೆ ಎಂದು ಕೇಳುವಿರಿ. ನೆಲದ ಮೇಲಿಟ್ಟ ಬಿಂದಿಗೆಗೆ ಆ ಮಾತು ಸರಿ. ಎರಡು ಚಕ್ರದ ಗಾಡಿಯೋ ಅಂಗೈ ಮೇಲೆ ನಿಲ್ಲಿಸಿದ ಕೋಲಿನಂತೆ. ಉದ್ದನೆಯ ಕೋಲನ್ನು ನಿಲ್ಲಿಸಬಲ್ಲಿರಿ. ಪೆನ್ಸಿಲನ್ನು ನಿಲ್ಲಿಸಿ ನೋಡಿ! ಗಿಡ್ಡನೆಯದು ಬೇಗ ಬೀಳುವುದು. ಆದರೂ ತಗ್ಗಿದ ಗಾಡಿ ಬ್ರೇಕು ಹಿಡಿದಾಗ ಮುಂದಕ್ಕೆ ಮುಗ್ಗರಿಸುವುದು ಕಡಿಮೆ, ನಿಂತಾಗ ಕಾಲೂ ಎಟುಕುವುದು ಎಂಬ ಲಾಭವನ್ನು ಮರೆಯಲಾಗದು.

ಆ ಹುಡುಗ ಎಡಕ್ಕೆ ತಿರುಗುವಾಗ ಸ್ಟ್ಯಾಂಡು ರಸ್ತೆಗೆ ತಾಗಿ ಹಿಂಚಕ್ರ ಜಾರಿತು. ಹಿಂದೆ ಕುಳಿತಿದ್ದ ತಾಯಿಯ ಮಣಿಕಟ್ಟು ಮುರಿಯಿತು. ಆದುದರಿಂದ ನಿಮ್ಮ ಮನೆಯ ಮಕ್ಕಳು ಇಂಥ ಮಾತೆತ್ತಿದರೆ ಬೇಡವೆಂದು ಗದರಬೇಡಿ. ಮೊದಲು ಸೀಟಿನ ಮೆತ್ತೆಯನ್ನು ತೆಳುಮಾಡಿಸಲು ಹೇಳಿ. ಅದರಿಂದ ಕಾಲೂ ಎಟುಕೀತು, ಚೌಕಟ್ಟಿನ ಓರೆಯೂ ಉಳಿದೀತು. ಗಾಡಿಯನ್ನೇ ತಗ್ಗಿಸಬೇಕಾದರೆ ಹಿಂದುಮುಂದು ಎರಡನ್ನೂ ತಗ್ಗಿಸಿ, ಸ್ಟ್ಯಾಂಡನ್ನೂ ಗಿಡ್ಡ ಮಾಡಿಸಿ, ಕೆಲವು ದಿನ ಒಬ್ಬರೇ ಮೆಲ್ಲನೆ ಓಡಿಸಿ ಅದರ ಹೊಸ ಸ್ವಭಾವವನ್ನು ಅರಿಯಲಿ.