ಗಣಕಯಂತ್ರದಿಂದ ತೆರಿಗೆ ಬೇಡಿಕೆ ನೋಟಿಸು: ಸದಸ್ಯರು ಗಮನಿಸಬೇಕಾದ ಅಂಶಗಳು

ನೂರಾರು ಆಸ್ತಿ ಮಾಲೀಕರಿಗೆ ತೆರಿಗೆ ಬೇಡಿಕೆ ನೋಟಿಸು ನೀಡುವಾಗ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಬೆರಳಚ್ಚು ಮಾಡುವ ಅಗತ್ಯವಿಲ್ಲ. ಮಾದರಿ ಪತ್ರವೊಂದರಲ್ಲಿ ಹೆಸರು, ಆಸ್ತಿ ಸಂಖ್ಯೆ ಹಾಗೂ ಬಾಕಿ ಮೊತ್ತಕ್ಕೆ ಸ್ಥಳ ಗುರುತಿಸಿದರೆ, ತಂತ್ರಾಂಶವು ಬೇಡಿಕೆ, ವಸೂಲಿ, ಬಾಕಿ ತಃಖ್ತೆಯ ಒಂದೊಂದು ಸಾಲಿಗೆ ಒಂದೊಂದು ಪತ್ರವನ್ನು ಸಿದ್ಧಪಡಿಸುತ್ತದೆ. ಈ ವಿಧಾನಕ್ಕೆ ಮೇಲ್ ಮರ್ಜ್ ಎಂದು ಹೆಸರು. ವರ್ಡ್‌ನಲ್ಲಿಯೂ, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಲ್ಲಿಯೂ ಈ ಸೌಲಭ್ಯವಿದೆ. ವರ್ಡ್ 2007ರಿಂದ ಬಳಕೆಗೆ ಬಂದ ಡಾಕ್ಸ್ ಕಡತವು ಎಕ್ಸ್‌ಎಂಎಲ್ ಪಠ್ಯಗಳ ಜಿಪ್ ಕಟ್ಟಾಗಿರುವುದರಿಂದ, ವರ್ಡ್ ತೆರೆಯದೆಯೂ ಪ್ರೋಗ್ರಾಂ ಮೂಲಕ ಅದನ್ನು ರಚಿಸಬಹುದು.

ಆದರೆ ತಂತ್ರಾಂಶವು ತಃಖ್ತೆಯ ಸರಿತಪ್ಪುಗಳನ್ನು ವಿವೇಚಿಸುವುದಿಲ್ಲ. ಪಾವತಿಯಾದ ಹಣ ತಃಖ್ತೆಗೆ ಏರಿರದಿದ್ದರೆ, ತೆರಿಗೆ ಕಟ್ಟಿದವರಿಗೂ ಬಾಕಿ ನೋಟಿಸು ತಲುಪುತ್ತದೆ. ಪಂಚಾಯಿತಿಯ ಮೇಲಿನ ಜನರ ವಿಶ್ವಾಸ ಕುಂದುತ್ತದೆ. ತಃಖ್ತೆಯು ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿದ್ದು ಮಾದರಿ ಪತ್ರವು ಯುನಿಕೋಡ್‌ನಲ್ಲಿದ್ದರೆ, ಹೆಸರುಗಳು ಓದಲಾಗದ ಚಿಹ್ನೆಗಳಾಗುತ್ತವೆ.

ಆದ್ದರಿಂದ ನೋಟಿಸುಗಳು ರವಾನೆಯಾಗುವ ಮುನ್ನ ಸದಸ್ಯರು ಈ ಕೆಳಗಿನವುಗಳನ್ನು ಪರಿಶೀಲಿಸುವಂತೆ ಕೋರುವುದು ಸೂಕ್ತ:

1. ಪತ್ರಗಳ ಸಂಖ್ಯೆಯು ತಃಖ್ತೆಯ ಸಾಲುಗಳ ಸಂಖ್ಯೆಗೆ ಸರಿಹೊಂದಿದೆಯೇ?
2. ಹೆಸರು ಅಥವಾ ಮೊತ್ತ ಖಾಲಿ ಉಳಿದಿದೆಯೇ?
3. ಪ್ರತಿ ವಾರ್ಡಿನ ಕೆಲವು ಪತ್ರಗಳು ರಶೀದಿ ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ?

ಪತ್ರವನ್ನು ಯಂತ್ರವೇ ಬರೆದರೂ ಅದರ ಹೊಣೆ ಪಂಚಾಯಿತಿಯದೇ ಆಗಿರುತ್ತದೆ.